ಕಾರ್ಬೊರೇಟರಿನ ಕೆಳಗಿನ ಬಾಗಿಲು

ಜುಲೈ ತಿಂಗಳು, ಮೂಡಿಗೆರೆ ಕಡೆಯ ತೋಟ. ಮಳೆ ನಿಂತಿರಲಿಲ್ಲ, ನಿಲ್ಲುವ ಲಕ್ಷಣವೂ ಇರಲಿಲ್ಲ. ದೊಡ್ಡಪ್ಪನ ಹಳೆಯ ವಿಲ್ಲಿಸ್ ಜೀಪು ಚೋಕ್ ಎಳೆದರೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತಿತ್ತು. ಚೋಕ್ ಗುಂಡಿಯನ್ನು ಒಳಗೆ ತಳ್ಳಿದ ಕೂಡಲೇ ಕೆಮ್ಮು. ಗೇಟು ದಾಟಿ ಏರು ಹತ್ತುವಾಗ ರೇಸ್ ಕೊಟ್ಟರೆ ಮುಗ್ಗರಿಸಿ ನಿಂತುಬಿಡುತ್ತಿತ್ತು. ಎರಡು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಒಂದಿಷ್ಟು ದೂರ ಓಡುತ್ತಿತ್ತು. ಹತ್ತು ಕಿಲೋಮೀಟರ್ ದಾಟಿದ ಮೇಲೆ ಅದೇ ಜೀಪು ಸೊಗಸಾಗಿ ಎಳೆಯುತ್ತಿತ್ತು. ಆ ಒಂದು ಮಳೆಗಾಲದಲ್ಲಿ ಕಾರ್ಬೊರೇಟರನ್ನು ಮೂರು ಸಲ ಬಿಚ್ಚಿ ತೊಳೆಸಿದೆವು. ಜೆಟ್ ಬದಲಾಯಿತು, ಫ್ಲೋಟ್ ಸೂಜಿ ಬದಲಾಯಿತು, ಕೊನೆಗೆ ಕಾರ್ಬೊರೇಟರೇ ಬದಲಾಯಿತು. ಕೆಮ್ಮು ಮಾತ್ರ ಹಾಗೆಯೇ ಉಳಿಯಿತು.

ನಾಲ್ಕನೆಯವರಾಗಿ ಬಂದ ವಯಸ್ಸಾದ ಮೇಸ್ತ್ರಿ ಬಾನೆಟ್ ಎತ್ತಿ ಕಾರ್ಬೊರೇಟರಿನ ಕಡೆ ನೋಡಲೇ ಇಲ್ಲ. ಕೈಯನ್ನು ಅದರ ಕೆಳಗೆ, ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪಕ್ಕಕ್ಕೆ ಇಳಿಸಿದರು. ಅಲ್ಲಿ ಹೆಬ್ಬೆರಳಿನಷ್ಟು ದಪ್ಪದ ಕಬ್ಬಿಣದ ತೂಕವೊಂದು ಒಂದು ಸಣ್ಣ ಕಡ್ಡಿಯ ತುದಿಗೆ ನೇತಾಡುತ್ತದೆ. ನೇತಾಡಬೇಕು, ಆದರೆ ಅದು ಅಲ್ಲೇ ಕಚ್ಚಿಕೊಂಡಿತ್ತು.

“ಇದು ಅಲ್ಲಾಡ್ತಾನೇ ಇಲ್ಲ ಗೌಡ್ರೇ. ಕಾರ್ಬೊರೇಟರಿಗೆ ಸುಮ್ನೆ ದುಡ್ಡು ಹಾಕಿದ್ರಿ.”

“ಏನಪ್ಪಾ ಅದು? ಇಷ್ಟು ವರ್ಷದಲ್ಲಿ ಯಾರೂ ಅದರ ಸುದ್ದಿಯೇ ಎತ್ತಿರಲಿಲ್ಲವಲ್ಲ?”

“ಬಿಸಿ ಬಿಡೋ ಬಾಗ್ಲು” ಎಂದರು ಮೇಸ್ತ್ರಿ. ಇಂಗ್ಲಿಷಿನ ಕೈಪಿಡಿಗಳು ಇದನ್ನು ಹೀಟ್ ಕಂಟ್ರೋಲ್ ವಾಲ್ವ್ ಎಂದೂ ಅಮೆರಿಕದ ಗ್ಯಾರೇಜಿನವರು ಹೀಟ್ ರೈಸರ್ ಎಂದೂ ಕರೆಯುತ್ತಾರೆ. ನನಗೆ ಮೇಸ್ತ್ರಿಯ ಹೆಸರೇ ಹೆಚ್ಚು ಸರಿ ಎನಿಸುತ್ತದೆ. ಪೆಟ್ರೋಲ್ ಎಂಜಿನ್ನಿನ ಹಳೆಯ ಟ್ರಕ್ಕುಗಳಲ್ಲಿ ಇಷ್ಟು ಅನ್ಯಾಯಕ್ಕೆ ಗುರಿಯಾದ ಭಾಗ ಇನ್ನೊಂದಿಲ್ಲ. ಕೆಟ್ಟಾಗ ಬೈಗುಳವೆಲ್ಲ ಕಾರ್ಬೊರೇಟರಿನ ಪಾಲಿಗೆ. ಇದು ಕೆಟ್ಟಿದೆ ಎಂದು ಗೊತ್ತಾದರೂ ರಿಪೇರಿ ಮಾಡುವವರಿಗಿಂತ ವೆಲ್ಡಿಂಗ್ ಹೊಡೆದು ಮುಗಿಸುವವರೇ ಹೆಚ್ಚು.

ಜೀಪನ್ನು ಟ್ರಕ್ಕೆಂದು ಕರೆದದ್ದಕ್ಕೆ ಕಾರಣವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಮಾಡಿದ ಆರು ಲಕ್ಷಕ್ಕೂ ಹೆಚ್ಚು ಜೀಪುಗಳ ಹೆಸರು ಅಮೆರಿಕದ ಸೇನೆಯ ಕಾಗದದಲ್ಲಿ ‘ಕಾಲು ಟನ್ ಟ್ರಕ್’ ಎಂದೇ ಇತ್ತು. ಅದರ 2.2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ನಿನ ದಾಯಾದಿಗಳೆಂದರೆ ಅದೇ ಕಾಲದ ಡಾಜ್ ಟ್ರಕ್ಕಿನ ಸೈಡ್ ವಾಲ್ವ್ ಆರು ಸಿಲಿಂಡರ್ ಎಂಜಿನ್ ಮತ್ತು 1941ರಿಂದ 1960ರ ದಶಕದ ಆರಂಭದವರೆಗೆ ಷೆವರ್ಲೆ ಟ್ರಕ್ಕುಗಳನ್ನು ಎಳೆದ 235 ಘನ ಇಂಚಿನ ಆರು ಸಿಲಿಂಡರ್ ಎಂಜಿನ್. ಮೂರರಲ್ಲೂ ಒಂದೇ ಏರ್ಪಾಟು. ಗಾಳಿ ಮತ್ತು ಪೆಟ್ರೋಲ್ ಒಳಗೆ ಹೋಗುವ ಇನ್‌ಟೇಕ್ ಮ್ಯಾನಿಫೋಲ್ಡೂ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡೂ ಎಂಜಿನ್ನಿನ ಒಂದೇ ಮಗ್ಗುಲಲ್ಲಿವೆ. ಕಾರ್ಬೊರೇಟರಿನ ನೇರ ಕೆಳಗೆ ಎರಡನ್ನೂ ಬೋಲ್ಟ್ ಹಾಕಿ ಜೋಡಿಸಿದ್ದಾರೆ.

ಯಾಕೆ ಹೀಗೆ? ಪಂಪ್ ಸ್ಟೋವ್ ಹಚ್ಚಿದವರಿಗೆ ಉತ್ತರ ಗೊತ್ತಿದೆ. ಬರ್ನರನ್ನು ಮೊದಲು ಸ್ಪಿರಿಟ್ ಉರಿಸಿ ಕಾಯಿಸದೆ ಪಂಪ್ ಹೊಡೆದರೆ ಸೀಮೆಎಣ್ಣೆ ಆವಿಯಾಗುವುದಿಲ್ಲ. ಹಸಿಯಾಗಿಯೇ ಚಿಮ್ಮಿ, ಹಳದಿ ಉರಿ ಎದ್ದು, ಗೋಡೆಯೆಲ್ಲ ಮಸಿಯಾಗುತ್ತದೆ. ಪೆಟ್ರೋಲ್ ಸೀಮೆಎಣ್ಣೆಗಿಂತ ಬಹಳ ಬೇಗ ಆರುವ ವಸ್ತು, ನಿಜ. ಆದರೂ ತಣ್ಣಗಿರುವ ಬೀಡು ಕಬ್ಬಿಣದ ಕೊಳವೆಯೊಳಗೆ ಅದರ ಹನಿಗಳು ಪೂರ್ತಿ ಆವಿಯಾಗದೆ ಗೋಡೆಗೆ ಅಂಟಿಕೊಂಡು ಕೆಳಗಿಳಿಯುತ್ತವೆ. ಸಿಲಿಂಡರಿಗೆ ತಲುಪುವುದು ಬರೀ ತೆಳುವಾದ ಮಿಶ್ರಣ, ಆಗಾಗ ಒಂದೊಂದು ಗುಟುಕು ಹಸಿ ಪೆಟ್ರೋಲ್. ಕೆಮ್ಮು ಹುಟ್ಟುವುದು ಅಲ್ಲಿ. ಅದರ ಮೇಲೆ, ಅಂಗೈಗೆ ಸುರಿದುಕೊಂಡ ಸ್ಪಿರಿಟ್ ಆರುವಾಗ ಕೈ ತಣ್ಣಗಾಗುವಂತೆ, ಪೆಟ್ರೋಲ್ ಆವಿಯಾಗುವಾಗ ತನ್ನ ಸುತ್ತಲಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ, ಹೊರಗೆ ನೀರು ಹೆಪ್ಪುಗಟ್ಟುವಷ್ಟು ಚಳಿ ಇಲ್ಲದಿದ್ದರೂ ಕಾರ್ಬೊರೇಟರಿನ ಗಂಟಲಿನಲ್ಲಿ ಮಂಜುಗಡ್ಡೆ ಕಟ್ಟಬಹುದು. ಎಂಜಿನ್ ನಿಂತು, ಕೆಳಗಿನ ಬಿಸಿ ಮೇಲೇರಿ, ಎರಡು ನಿಮಿಷದಲ್ಲಿ ಆ ಗಡ್ಡೆ ಕರಗಿದ ಮೇಲೆ ಗಾಡಿ ಮತ್ತೆ ಸ್ಟಾರ್ಟ್ ಆಗುತ್ತದೆ. ಬಿಚ್ಚಿ ನೋಡುವ ಹೊತ್ತಿಗೆ ಒಳಗೆ ಏನೂ ಸಿಗುವುದಿಲ್ಲ. ದೊಡ್ಡಪ್ಪನ ಜೀಪು ನಿಂತು ನಿಂತು ಓಡುತ್ತಿದ್ದುದರ ಮರ್ಮ ಇದೇ ಎಂದು ನನ್ನ ನಂಬಿಕೆ.

ಮಲೆನಾಡಿನ ಹಳೆಯ ಅಡುಗೆಮನೆಯಲ್ಲಿ ಒಲೆಯ ಮೇಲೆ ಅಟ್ಟವಿರುತ್ತದೆ. ಹೇಗೂ ಮೇಲೇರಿ ಹೋಗುವ ಬಿಸಿಯಲ್ಲಿ ಮಳೆಗಾಲದ ಒದ್ದೆ ಪದಾರ್ಥ ಒಣಗಲಿ ಎಂದು. ಇನ್‌ಟೇಕ್ ಮ್ಯಾನಿಫೋಲ್ಡು ಆ ಅಟ್ಟವಿದ್ದಂತೆ. ಕೆಳಗಿನ ಎಕ್ಸಾಸ್ಟಿನಲ್ಲಿ ನೂರಾರು ಡಿಗ್ರಿ ಬಿಸಿಯ ಹೊಗೆ ಸುಮ್ಮನೆ ಸೈಲೆನ್ಸರಿಗೆ ಹೋಗುತ್ತಿದೆ. ಆ ದಾರಿಯಲ್ಲಿ ತಿರುಗುವ ತಟ್ಟೆಯೊಂದನ್ನು ಇಟ್ಟರೆ ಹೊಗೆಯನ್ನು ಬೇಕಾದಾಗ ಮೇಲಕ್ಕೆ, ಕಾರ್ಬೊರೇಟರಿನ ಅಡಿಗೆ ಬಡಿಯುವಂತೆ ತಿರುಗಿಸಬಹುದು, ಬೇಡವಾದಾಗ ನೇರ ಕೆಳಗೆ ಕಳಿಸಬಹುದು. ಬೇಕು ಬೇಡವನ್ನು ತೀರ್ಮಾನಿಸುವುದು ತಟ್ಟೆಯ ಕಡ್ಡಿಗೆ ಹೊರಗಿನಿಂದ ಸುತ್ತಿದ ಒಂದು ಸುರುಳಿ ಸ್ಪ್ರಿಂಗು. ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹದ ಪಟ್ಟಿಗಳನ್ನು ಬೆಸೆದು ಮಾಡಿದ್ದು ಅದು. ಇಸ್ತ್ರಿ ಪೆಟ್ಟಿಗೆಯೊಳಗೆ ಬಿಸಿಯನ್ನು ಹದದಲ್ಲಿಡುವ ಪಟ್ಟಿಯ ಜಾತಿಯದೇ. ತಣ್ಣಗಿದ್ದಾಗ ಸ್ಪ್ರಿಂಗು ಬಿಗಿಯಾಗಿ ತಟ್ಟೆಯನ್ನು ‘ಬಿಸಿ’ ಸ್ಥಾನದಲ್ಲಿ ಹಿಡಿದಿರುತ್ತದೆ. ಕಾದಂತೆ ಹಿಡಿತ ಸಡಿಲವಾಗಿ, ಹೊಗೆಯ ಒತ್ತಡವೂ ತೂಕವೂ ಸೇರಿ ತಟ್ಟೆಯನ್ನು ‘ತಂಪು’ ಸ್ಥಾನಕ್ಕೆ ತಿರುಗಿಸುತ್ತವೆ. ರೇಸ್ ಜೋರಾಗಿ ಕೊಟ್ಟಾಗ ಹೊಗೆಯ ರಭಸಕ್ಕೇ ತಟ್ಟೆ ಸ್ವಲ್ಪ ದಾರಿ ಬಿಡುತ್ತದೆ. ವಿದ್ಯುತ್ತಿಲ್ಲ, ಸ್ವಿಚ್ಚಿಲ್ಲ, ಚಾಲಕನ ಕೈಯೂ ಬೇಕಿಲ್ಲ. ಇಂಥ ಸರಳ ಬುದ್ಧಿವಂತಿಕೆ ಕಂಡರೆ ನನಗೆ ಈಗಲೂ ಸಂತೋಷವಾಗುತ್ತದೆ.

ನಮ್ಮಲ್ಲಿ ಇದರ ನೆನಪು ಅಳಿದುಹೋದದ್ದಕ್ಕೆ ಡೀಸೆಲ್ ಕಾರಣ. 1928ರಿಂದ ಬೊಂಬಾಯಿಯಲ್ಲಿ ಜೋಡಣೆಯಾಗುತ್ತಿದ್ದ ಷೆವರ್ಲೆಗಳು, ಸ್ವಾತಂತ್ರ್ಯದ ಹೊತ್ತಿಗೆ ಬಂದ ಡಾಜ್ ಮತ್ತು ಫಾರ್ಗೋಗಳು ಓಡುತ್ತಿದ್ದ ಕಾಲದಲ್ಲಿ ಲಾರಿಯೆಂದರೆ ಬಹುಪಾಲು ಪೆಟ್ರೋಲ್ ಲಾರಿಯೇ. 1954ರಲ್ಲಿ ಟೆಲ್ಕೋದ ಮರ್ಸಿಡಿಸ್ ಡೀಸೆಲ್ ಲಾರಿಗಳು ಬಂದವು, ನಂತರ ರಸ್ತೆಯೆಲ್ಲ ಡೀಸೆಲ್ಲಿನದಾಯಿತು. ಡೀಸೆಲನ್ನು ಕಾದ ಗಾಳಿಯೊಳಕ್ಕೆ ನೇರವಾಗಿ ಸಿಂಪಡಿಸುವುದರಿಂದ ಮ್ಯಾನಿಫೋಲ್ಡನ್ನು ಹೀಗೆ ಕಾಯಿಸುವ ಪ್ರಶ್ನೆಯೇ ಇಲ್ಲ. ಇಂದಿನ ಮೆಕ್ಯಾನಿಕ್ಕುಗಳು ಎಕ್ಸಾಸ್ಟಿನಲ್ಲಿ ತಟ್ಟೆ ಕಂಡರೆ ಘಾಟಿ ಇಳಿಯುವ ಲಾರಿಗಳ ಎಕ್ಸಾಸ್ಟ್ ಬ್ರೇಕ್ ಎಂದುಕೊಳ್ಳುವುದು ಸಹಜ. ಅದರ ಕೆಲಸ ಬೇರೆ, ಇದರ ಕೆಲಸ ಬೇರೆ.

ತಟ್ಟೆ ಕೆಡುವುದು ಹೆಚ್ಚಾಗಿ ಕಚ್ಚಿಕೊಂಡೇ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಕಾದಿದ್ದರೆ ಅದು ಆವಿಯಾಗಿ ಹೊರಟುಹೋಗುತ್ತದೆ. ಮನೆಯಿಂದ ಕಣಕ್ಕೆ, ಕಣದಿಂದ ಮನೆಗೆ ಎಂದು ಅರ್ಧ ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಅದು ಮ್ಯಾನಿಫೋಲ್ಡಿನ ಒಳಗೇ ತಂಗುತ್ತದೆ. ನೀರು, ಮಸಿ, ಬಿಸಿ ಮೂರೂ ಸೇರಿ ಕಡ್ಡಿಯನ್ನು ಅದರ ತೂತಿಗೆ ಬೆಸೆದಂತೆ ಮಾಡಿಬಿಡುತ್ತವೆ. ತೋಟದ ಜೀಪಿಗೆ ದೂರದ ಓಟವಿಲ್ಲದಿರುವುದೇ ಶಾಪ.

ಯಾವ ಸ್ಥಾನದಲ್ಲಿ ಕಚ್ಚಿಕೊಂಡಿದೆ ಎಂಬುದರ ಮೇಲೆ ರೋಗದ ಲಕ್ಷಣ ಬದಲಾಗುತ್ತದೆ. ‘ತೆರೆದಿದೆ’, ‘ಮುಚ್ಚಿದೆ’ ಎಂಬ ಮಾತನ್ನು ನಾನು ಬೇಕೆಂದೇ ಬಳಸುವುದಿಲ್ಲ. ಯಾವ ದಾರಿ ತೆರೆದಿದೆ, ಯಾವುದು ಮುಚ್ಚಿದೆ ಎಂದು ಗೊಂದಲವಾಗಿ ಎಷ್ಟೋ ಜನ ತಟ್ಟೆಯನ್ನು ತಲೆಕೆಳಗಾಗಿ ಕೂರಿಸಿದ್ದಾರೆ. ತಂಪು ಸ್ಥಾನದಲ್ಲಿ ಕಚ್ಚಿದ್ದರೆ ಮೇಲೆ ಹೇಳಿದ ಬೆಳಗಿನ ಕೆಮ್ಮು, ಬಹಳ ಹೊತ್ತು ಚೋಕ್ ಬೇಡುವುದು, ಪೆಟ್ರೋಲ್ ಹೆಚ್ಚು ಕುಡಿಯುವುದು. ಆಯಿಲ್ ಕಡ್ಡಿ ಎಳೆದು ಮೂಸಿ ನೋಡಿ. ಪೆಟ್ರೋಲಿನ ವಾಸನೆ ಬಂದರೆ ಹಸಿ ಪೆಟ್ರೋಲ್ ಸಿಲಿಂಡರಿನ ಗೋಡೆ ತೊಳೆದುಕೊಂಡು ಕೆಳಗಿನ ಆಯಿಲಿಗೆ ಸೇರುತ್ತಿದೆ ಎಂದರ್ಥ. ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿನ ಡಯಾಫ್ರಮ್ ಹರಿದರೂ ಹೀಗೆ ಆಗುವುದರಿಂದ ಅದನ್ನೂ ನೋಡಬೇಕು. ಏನೇ ಇರಲಿ, ಆ ಆಯಿಲಿನಲ್ಲಿ ಎಂಜಿನ್ ಓಡಿಸುವುದು ಬೇರಿಂಗಿಗೆ ಮಾಡುವ ದ್ರೋಹ.

ಬಿಸಿ ಸ್ಥಾನದಲ್ಲಿ ಕಚ್ಚಿದ್ದರೆ ಬೆಳಿಗ್ಗೆ ಎಲ್ಲ ಚೆಂದ. ಮಧ್ಯಾಹ್ನ ಸಂತೆಗೆ ಹೋಗಿ ಅರ್ಧ ಗಂಟೆ ನಿಲ್ಲಿಸಿ ಬಂದರೆ ಸ್ಟಾರ್ಟ್ ಆಗುವುದಿಲ್ಲ. ಪೆಟ್ರೋಲಿನ ಹಗುರ ಅಂಶಗಳು 35–40 ಡಿಗ್ರಿ ಸೆಲ್ಸಿಯಸ್ಸಿನಲ್ಲೇ ಕುದಿಯತೊಡಗುತ್ತವೆ. ಕೆಳಗಿನಿಂದ ಸದಾ ಕಾಯುತ್ತಿರುವ ಕಾರ್ಬೊರೇಟರಿನ ಬೌಲಿನಲ್ಲಿ ಅವು ಕುದಿದು, ಉಕ್ಕಿ, ಮ್ಯಾನಿಫೋಲ್ಡಿನೊಳಗೆ ಸುರಿದಿರುತ್ತವೆ. ಏರಿನಲ್ಲಿ ಎಳೆತ ಸಾಲದು, ಕಾದ ಗಾಳಿ ತೆಳುವಾಗಿರುವುದೇ ಕಾರಣ. ಭಾರ ಬಿದ್ದಾಗ ಟಿಣಿಟಿಣಿ ಎಂದು ಬಡಿಯುವ ಸದ್ದು ಬರಬಹುದು. ಇಷ್ಟಾದರೂ ಈ ಸಾಲು ಸಿಲಿಂಡರಿನ ಎಂಜಿನ್ನುಗಳಲ್ಲಿ ತಟ್ಟೆ ಹೊಗೆಯ ದಾರಿಯನ್ನು ಬಳಸುದಾರಿ ಮಾಡುತ್ತದೆಯೇ ಹೊರತು ಪೂರ್ತಿ ಕಟ್ಟುವುದಿಲ್ಲ.

ವಿ-8 ಎಂಜಿನ್ನಿನ ಕಥೆ ಇದಕ್ಕಿಂತ ಕಠಿಣ. 1955ರಲ್ಲಿ ಬಂದ ಷೆವರ್ಲೆಯ ಸ್ಮಾಲ್ ಬ್ಲಾಕ್ ವಿ-8ರಲ್ಲಿ ಬಲಗಡೆಯ ಎಕ್ಸಾಸ್ಟ್ ಮ್ಯಾನಿಫೋಲ್ಡು ಮುಗಿಯುವಲ್ಲಿ ತಟ್ಟೆ ಇದೆ. ಅದು ಬಿಸಿ ಸ್ಥಾನಕ್ಕೆ ಬಂದಾಗ ಆ ಮಗ್ಗುಲಿನ ಹೊಗೆಗೆ ಹೊರದಾರಿ ಬಹುತೇಕ ಮುಚ್ಚಿ, ಅದು ಇನ್‌ಟೇಕ್ ಮ್ಯಾನಿಫೋಲ್ಡಿನ ಹೊಟ್ಟೆಯೊಳಗಿನ ಅಡ್ಡ ಸುರಂಗದ ಮೂಲಕ ಎಡಮಗ್ಗುಲಿಗೆ ದಾಟಬೇಕು. ದಾಟುವಾಗ ಕಾರ್ಬೊರೇಟರಿನ ಅಡಿಯನ್ನು ಕಾಯಿಸುತ್ತದೆ. ಅಲ್ಲೇ ಕಚ್ಚಿಕೊಂಡರೆ ನಾಲ್ಕು ಸಿಲಿಂಡರಿನ ಹೊಗೆ ಸದಾ ಆ ಸಣ್ಣ ಸುರಂಗದಲ್ಲೇ ನುಗ್ಗಬೇಕು. ವೇಗ ಏರುವುದಿಲ್ಲ, ಆ ಮಗ್ಗುಲಿನ ಎಕ್ಸಾಸ್ಟ್ ವಾಲ್ವುಗಳು ಸುಡುವ ಅಪಾಯವಿದೆ. ಇನ್‌ಟೇಕ್ ಮ್ಯಾನಿಫೋಲ್ಡಿನ ನಡುವಿನ ಬಣ್ಣ ಸುಟ್ಟು ಬೂದಿಯಾಗಿದ್ದರೆ ಮೊದಲು ತಟ್ಟೆಯನ್ನು ಮುಟ್ಟಿ ನೋಡಿ. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ತೊಂದರೆಯೂ ಇದೆ. ತಟ್ಟೆ ಸರಿಯಾಗಿದ್ದರೂ ಸುರಂಗ ಮಸಿಯಿಂದ ಗಟ್ಟಿಯಾಗಿ ಮುಚ್ಚಿದ್ದರೆ ಬಿಸಿ ಕಾರ್ಬೊರೇಟರಿಗೆ ತಲುಪುವುದೇ ಇಲ್ಲ. ತಾನಾಗಿ ತೆರೆಯುವ ಚೋಕ್ ಅದೇ ಬಿಸಿಯನ್ನು ನಂಬಿರುವ ಎಂಜಿನ್ನುಗಳಲ್ಲಿ ಚೋಕ್ ಬಹಳ ಹೊತ್ತು ಮುಚ್ಚಿಕೊಂಡೇ ಇದ್ದು ಕಪ್ಪು ಹೊಗೆ ಬರುತ್ತದೆ. ಆಗಲೂ ಜನ ದೂರುವುದು ಚೋಕನ್ನೇ.

ಪರೀಕ್ಷೆಗೆ ಹಣ ಬೇಡ. ಎಂಜಿನ್ ಪೂರ್ತಿ ತಣ್ಣಗಿರುವಾಗ, ರಾತ್ರಿಯೆಲ್ಲ ನಿಂತ ಗಾಡಿಯ ತೂಕವನ್ನು ಬೆರಳಿನಿಂದ ತಿರುಗಿಸಿ. ಸ್ಪ್ರಿಂಗಿನ ಸಣ್ಣ ತಡೆ ಸಿಗಬೇಕು, ಬಿಟ್ಟರೆ ತಾನಾಗಿ ಬಿಸಿ ಸ್ಥಾನಕ್ಕೆ ಮರಳಬೇಕು. ತಿರುಗದಿದ್ದರೆ ಕಚ್ಚಿದೆ. ತಡೆಯೇ ಇಲ್ಲದೆ ತೊಟ್ಟಿಲಿನಂತೆ ತೂಗಾಡಿದರೆ ಸ್ಪ್ರಿಂಗ್ ಮುರಿದಿದೆ ಅಥವಾ ಕೊಕ್ಕೆಯಿಂದ ಕಳಚಿದೆ. ಆಮೇಲೆ ಸ್ಟಾರ್ಟ್ ಮಾಡಿ, ಒಬ್ಬರು ಚಿಕ್ಕದಾಗಿ ರೇಸ್ ಕೊಡುತ್ತಿರಲಿ, ಇನ್ನೊಬ್ಬರು ತೂಕವನ್ನು ನೋಡುತ್ತಿರಲಿ. ಪ್ರತಿ ರೇಸಿಗೂ ಅದು ನಡುಗಬೇಕು. ಎಂಜಿನ್ ಕಾದಂತೆ ನಿಧಾನವಾಗಿ ತಿರುಗಿ ತಂಪು ಸ್ಥಾನಕ್ಕೆ ಬಂದು ನಿಲ್ಲಬೇಕು. ನಡುವೆ ಕಾರ್ಬೊರೇಟರಿನ ಅಡಿಯ ಮ್ಯಾನಿಫೋಲ್ಡಿನ ಮೇಲೆ ಆಗಾಗ ನೀರಿನ ಹನಿ ಬಿಟ್ಟು ನೋಡಿದರೆ ಬಿಸಿ ಅಲ್ಲಿಗೆ ಬರುತ್ತಿದೆಯೇ ಎಂದು ತಿಳಿಯುತ್ತದೆ. ಕೈ ಮಾತ್ರ ಇಡಬೇಡಿ.

ವ್ಯಾಕ್ಯೂಮ್ ಗೇಜ್ ಇದ್ದವರಿಗೆ ಇನ್ನೊಂದು ದಾರಿ. ಹೊಗೆಯ ದಾರಿ ಕಟ್ಟಿದ್ದರೆ, ಎಂಜಿನ್ನನ್ನು 2,000ದಿಂದ 2,500 ಸುತ್ತಿನಲ್ಲಿ ಸ್ಥಿರವಾಗಿ ಓಡಿಸಿದಾಗ ಮುಳ್ಳು ಮೊದಲು ಸರಿಯಾಗಿದ್ದು ಆಮೇಲೆ ನಿಧಾನವಾಗಿ ಇಳಿಯುತ್ತ ಹೋಗುತ್ತದೆ. ಅಮೆರಿಕದ ಕೈಪಿಡಿಗಳು ಐಡ್ಲಿಂಗಿನಲ್ಲಿ 17ರಿಂದ 21 ಇಂಚು ತೋರಬೇಕು ಎನ್ನುತ್ತವೆ. ಅದು ಸಮುದ್ರಮಟ್ಟದ ಲೆಕ್ಕ. ಸಾವಿರ ಅಡಿ ಮೇಲೇರಿದರೆ ಸುಮಾರು ಒಂದು ಇಂಚು ಕಳೆಯಬೇಕು. ಬೆಂಗಳೂರಿನಲ್ಲಿ ಮೂರು ಇಂಚು, ಮಡಿಕೇರಿಯಲ್ಲಿ ಹತ್ತಿರಹತ್ತಿರ ನಾಲ್ಕು. ಈ ಲೆಕ್ಕ ಗೊತ್ತಿಲ್ಲದೆ ಬೆಟ್ಟದ ಮೇಲೆ ಆರೋಗ್ಯವಾಗಿರುವ ಎಂಜಿನ್ನಿಗೆ ರಿಂಗ್ ಹೋಗಿದೆ ಎಂದು ತೀರ್ಪು ಕೊಟ್ಟು ಬಿಚ್ಚಿ ಹಾಕಿದ್ದನ್ನು ನಾನು ಕಂಡಿದ್ದೇನೆ.

1975ರಿಂದೀಚೆಗೆ ಜನರಲ್ ಮೋಟರ್ಸ್ ಹಲವು ಎಂಜಿನ್ನುಗಳಲ್ಲಿ ಸ್ಪ್ರಿಂಗಿನ ಬದಲು ವ್ಯಾಕ್ಯೂಮ್ ಡಯಾಫ್ರಮ್ಮಿನಿಂದ ತಟ್ಟೆ ಎಳೆಸಿತು. ಅಲ್ಲಿ ಮೊದಲು ರಬ್ಬರ್ ಪೈಪನ್ನೂ ಡಯಾಫ್ರಮ್ಮನ್ನೂ ನೋಡಬೇಕು, ತಟ್ಟೆ ಆಮೇಲೆ.

ಇನ್ನು ಬಿಡಿಸುವ ಕೆಲಸ. ಇದರಲ್ಲಿ ಅವಸರಪಟ್ಟವರು ಮ್ಯಾನಿಫೋಲ್ಡನ್ನೇ ಕಳೆದುಕೊಳ್ಳುತ್ತಾರೆ. ಪಾನಾ ಹಾಕಿ ತೂಕವನ್ನು ತಿರುಚಬಾರದು. ತಿರುಗುವುದಕ್ಕೆ ಮೊದಲು ಕಡ್ಡಿಯೋ ಸ್ಪ್ರಿಂಗೋ ಮುರಿಯುತ್ತದೆ. ತಣ್ಣಗಿರುವಾಗ ಕಡ್ಡಿಯ ಎರಡೂ ತುದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿ ಕಳೆಯಲು ಬಿಡಿ. ಮರುದಿನ ಸಣ್ಣ ಸುತ್ತಿಗೆಯಿಂದ ಕಡ್ಡಿಯ ಒಂದು ತುದಿಗೆ ಮೆಲ್ಲಗೆ, ಮತ್ತೆ ಇನ್ನೊಂದು ತುದಿಗೆ ಮೆಲ್ಲಗೆ. ಉದ್ದುದ್ದಕ್ಕೆ ಕೂದಲೆಳೆಯಷ್ಟು ಸರಿದರೂ ಅರ್ಧ ಗೆದ್ದಂತೆ. ಸರಿದ ಮೇಲಷ್ಟೇ ತಿರುಗಿಸಲು ನೋಡಬೇಕು. ಮತ್ತೆ ಎಣ್ಣೆ, ಮತ್ತೆ ಏಟು. ಮೇಸ್ತ್ರಿ ಮೂರು ದಿನ ತೆಗೆದುಕೊಂಡರು. ದಿನಕ್ಕೆ ಹತ್ತೇ ನಿಮಿಷ, ಹೋಗುವಾಗ ಒಂದಷ್ಟು ಎಣ್ಣೆ ಬಿಟ್ಟು, “ನಾಳೆ ನೋಡುವ” ಎನ್ನುತ್ತಿದ್ದರು. ಹಾಗೂ ಬಾರದಿದ್ದರೆ ಮ್ಯಾನಿಫೋಲ್ಡನ್ನು ಕಳಚಿ ಬೆಂಚಿನ ಮೇಲಿಟ್ಟು ಗ್ಯಾಸ್ ಟಾರ್ಚಿನಿಂದ ಕಾಯಿಸಬೇಕು. ಎಣ್ಣೆ ಹಚ್ಚಿದ್ದನ್ನು ಪೂರ್ತಿ ಒರೆಸಿದ ಮೇಲೆ, ಬಯಲಿನಲ್ಲಿ. ಬೀಡು ಕಬ್ಬಿಣ ಏಟನ್ನೂ ತಾಳದು, ದಿಢೀರ್ ನೀರನ್ನೂ ತಾಳದು. ಕೆಂಪಗಾದದ್ದಕ್ಕೆ ನೀರು ಸುರಿದರೆ ಅಲ್ಲಿಗೆ ಮುಗಿಯಿತು.

ಕಡ್ಡಿ ಸಡಿಲವಾದ ಮೇಲೆ ಎಂಜಿನ್ ಆಯಿಲ್ ಅಥವಾ ಗ್ರೀಸ್ ಹಚ್ಚುವುದು ಎಲ್ಲರೂ ಮಾಡುವ ತಪ್ಪು. ಆ ಬಿಸಿಗೆ ಅದು ಸುಟ್ಟು ಕರಿಯಾಗಿ ಹಿಂದಿಗಿಂತ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಬೇಕಾದದ್ದು ಗ್ರಾಫೈಟ್ ಪುಡಿ. ಬೇಗ ಆರುವ ತೆಳು ಎಣ್ಣೆಯಲ್ಲಿ ಕಲಸಿ ಬಿಟ್ಟರೆ ಎಣ್ಣೆ ಹಾರಿಹೋಗಿ ಪುಡಿ ಮಾತ್ರ ಉಳಿದು ಜಾರಿಕೆ ಕೊಡುತ್ತದೆ. ಕ್ರೈಸ್ಲರ್ ಕಂಪನಿ ಇದೊಂದು ಕೆಲಸಕ್ಕೆಂದೇ ಮೋಪಾರ್ ಹೆಸರಿನಲ್ಲಿ ಡಬ್ಬಿ ಮಾರುತ್ತಿತ್ತು ಎಂದರೆ ಈ ತಟ್ಟೆ ಎಷ್ಟು ಜನರನ್ನು ಕಾಡಿರಬೇಕು ನೋಡಿ.

ಸ್ಪ್ರಿಂಗ್ ಹೊಸದಾಗಿ ಹಾಕುವಾಗ ಬಿಗಿ ಅಳತೆಯಲ್ಲಿರಬೇಕು. ಷೆವರ್ಲೆ ಎಂಜಿನ್ನಿನಲ್ಲಿ ಅದರ ಹೊರತುದಿಯನ್ನು ಸುಮಾರು ಅರ್ಧ ಸುತ್ತು ಎಳೆದು ಗೂಟಕ್ಕೆ ಸಿಕ್ಕಿಸಿದರೆ ಸಾಕು. ಹೆಚ್ಚು ಸುತ್ತಿದರೆ ತಟ್ಟೆ ಬಿಸಿ ಸ್ಥಾನ ಬಿಟ್ಟು ಬರಲು ತಡಮಾಡುತ್ತದೆ. ಕಡ್ಡಿಯ ತೂತು ಸವೆದು ಅಗಲವಾಗಿದ್ದರೆ ಐಡ್ಲಿಂಗಿನಲ್ಲಿ ತಗಡು ಬಡಿದ ಸದ್ದು ಬರುತ್ತದೆ. ಟ್ಯಾಪೆಟ್ ಸದ್ದೆಂದು ತಿಳಿದು ಟ್ಯಾಪೆಟ್ ಹೊಂದಿಸಲು ಕೂರುವವರಿದ್ದಾರೆ. ಸದ್ದಿಗಿಂತ ಮುಖ್ಯವಾದದ್ದು ಆ ತೂತಿನಿಂದ ಸೋರುವ ವಿಷದ ಹೊಗೆ. ಮುಚ್ಚಿದ ಕ್ಯಾಬಿನ್ನಿನ ಟ್ರಕ್ಕಿನಲ್ಲಿ ಅದನ್ನು ಹಾಗೇ ಬಿಡಲೇಬಾರದು. ಲೇತಿನವರಿಂದ ಬುಷ್ ಹಾಕಿಸಿದರೆ ಎರಡೂ ಸರಿಯಾಗುತ್ತವೆ. ಮ್ಯಾನಿಫೋಲ್ಡ್ ಕಳಚಿದ್ದರೆ ಮತ್ತೆ ಕೂರಿಸುವ ಕ್ರಮವೂ ಗೊತ್ತಿರಬೇಕು. ಎರಡು ಮ್ಯಾನಿಫೋಲ್ಡುಗಳನ್ನು ಮೊದಲು ಸಡಿಲವಾಗಿ ಜೋಡಿಸಿ, ಹೊಸ ಪ್ಯಾಕಿಂಗಿನೊಂದಿಗೆ ಎಂಜಿನ್ನಿಗೆ ಬಿಗಿದು, ನಡುವಿನ ಬೋಲ್ಟುಗಳನ್ನು ಕೊನೆಗೆ ಬಿಗಿಯಬೇಕು. ಉಲ್ಟಾ ಮಾಡಿದರೆ ಎರಡೂ ಎಂಜಿನ್ನಿನ ಮೈಗೆ ಸಮನಾಗಿ ಕೂರದೆ ಸೋರುತ್ತವೆ, ಇಲ್ಲವೇ ಸೀಳುತ್ತವೆ.

ಹಾಗಾದರೆ ಇಷ್ಟೆಲ್ಲ ಯಾಕೆ, ತಂಪು ಸ್ಥಾನದಲ್ಲಿ ವೆಲ್ಡ್ ಮಾಡಿ ಬಿಡಬಾರದೇ? ರಾಯಚೂರಿನ ಬಿಸಿಲಿನಲ್ಲಿ ಓಡುವ ಗಾಡಿಯಾದರೆ ನಾನು ಜಗಳವಾಡುವುದಿಲ್ಲ, ಅಲ್ಲಿ ನಷ್ಟ ಅಲ್ಪ. ಮಲೆನಾಡಿನ ಮಳೆಗಾಲಕ್ಕೆ, ಮಿಷಿಗನ್ನಿನ ಚಳಿಗಾಲಕ್ಕೆ ಅದು ಸಲ್ಲದು. ಬಿಸಿ ಸ್ಥಾನದಲ್ಲಿ ಕಟ್ಟಿಹಾಕುವುದಂತೂ ಎಲ್ಲಿಯೂ ಸಲ್ಲದು. ಈಗ ಇನ್ನೊಂದು ಕಾರಣ ಸೇರಿದೆ. ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ಈಗ ಶೇ 20ರಷ್ಟು ಎಥೆನಾಲ್ ಇದೆ. ಎಥೆನಾಲ್ ಆವಿಯಾಗಲು ಅಷ್ಟೇ ತೂಕದ ಪೆಟ್ರೋಲಿಗಿಂತ ಸುಮಾರು ಎರಡೂವರೆ ಪಟ್ಟು ಬಿಸಿ ಬೇಕು. ಎಂದರೆ ಬೆಳಗಿನ ತಣ್ಣನೆಯ ಮ್ಯಾನಿಫೋಲ್ಡು ಹಿಂದೆಂದಿಗಿಂತ ಹೆಚ್ಚು ತಣ್ಣಗಾಗುತ್ತದೆ. 1940ರ ದಶಕದ ತಟ್ಟೆಗೆ ಈಗ ಕೆಲಸ ಜಾಸ್ತಿಯಾಗಿದೆ, ಕಡಿಮೆಯಾಗಿಲ್ಲ.

ಮೂರನೆಯ ದಿನ ಸಂಜೆ ತೂಕ ಅಲ್ಲಾಡಿತು. ಮೇಸ್ತ್ರಿ ಗ್ರಾಫೈಟ್ ಬಿಟ್ಟು ಹತ್ತಾರು ಸಲ ಅತ್ತಿತ್ತ ತಿರುಗಿಸಿ, ಸ್ಪ್ರಿಂಗನ್ನು ಉಜ್ಜಿ ಗೂಟಕ್ಕೆ ಸಿಕ್ಕಿಸಿದರು. ಆಯಿಲ್ ಬದಲಾಯಿಸಿದರು. ಹೊಸ ಕಾರ್ಬೊರೇಟರನ್ನು ಬಿಚ್ಚಿ, ಶೆಲ್ಫಿನ ಮೇಲೆ ಬಟ್ಟೆ ಸುತ್ತಿಟ್ಟಿದ್ದ ಹಳೆಯ ಕಾರ್ಟರ್ ಕಾರ್ಬೊರೇಟರನ್ನೇ ಮತ್ತೆ ಕೂರಿಸಿದರು. ನಾಲ್ಕನೆಯ ಬೆಳಿಗ್ಗೆ ಮಳೆ ಹಾಗೇ ಇತ್ತು. ನಾನು ಟಾರ್ಚ್ ಹಿಡಿದು ನಿಂತಿದ್ದೆ, ದೊಡ್ಡಪ್ಪ ರೇಸ್ ಕೊಟ್ಟಾಗಲೆಲ್ಲ ತೂಕ ನಡುಗುತ್ತಿತ್ತು. ಕೆಲವು ನಿಮಿಷಗಳಲ್ಲಿ ಅದು ತಾನಾಗಿ ಕೆಳಗೆ ತಿರುಗಿತು. ಕೊಟ್ಟಿಗೆಹಾರದ ಕಡೆಗೆ ಹೊರಟಾಗ ಗೇಟಿನ ಏರಿನಲ್ಲಿ ಜೀಪು ನಿಲ್ಲಲಿಲ್ಲ. ಚೋಕ್ ಗುಂಡಿ ಪೂರ್ತಿ ಒಳಗಿತ್ತು.